ಊಟ ಬೇಡ ಅನ್ನುವ ಮಕ್ಕಳಿಗೆ ಏನು ಮಾಡೋಣ?



"ನಮ್ಮ ಮಗು ಏನೂ ತಿನ್ನಲ್ಲ, ಸೊಪ್ಪು ಕಂಡ್ರೆ ಬಾಯೇ ಬಿಡಲ್ಲ" – ಸಂಘದ ಸಭೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಕೆಲವರು ಹೆದರಿಸಿ ತಿನ್ನಿಸುತ್ತಾರೆ, ಕೆಲವರು ಬೇಸತ್ತು ಬಿಸ್ಕೆಟ್ ಪೊಟ್ಟಣ ಕೊಟ್ಟುಬಿಡುತ್ತಾರೆ. ಇವೆರಡರಿಂದಲೂ ಒಳ್ಳೆಯ ಅಭ್ಯಾಸ ಬೆಳೆಯುವುದಿಲ್ಲ.

ಮಗು ಯಾಕೆ ತಿನ್ನಲ್ಲ?

ಹುಟ್ಟಿದಾಗ 3 ಕಿಲೋ ಇದ್ದ ಮಗು ವರ್ಷ ತುಂಬುವಾಗ ಸುಮಾರು 9 ಕಿಲೋ ಆಗುತ್ತದೆ. ಎರಡನೇ ವರ್ಷದಲ್ಲಿ ಹೆಚ್ಚುವುದು ಎರಡು-ಎರಡೂವರೆ ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ತುಸು ಕಡಿಮೆಯಾಗುವುದು ಸಹಜ. ಹೊಸ ರುಚಿಗೆ ಹಿಂಜರಿಯುವುದೂ ಈ ವಯಸ್ಸಿನಲ್ಲೇ. ಇದರ ಮೇಲೆ ಊಟಕ್ಕೆ ಮೊದಲೇ ಟೀ, ಬಿಸ್ಕೆಟ್, ಕುರುಕಲು ತಿಂಡಿ ಕೊಟ್ಟರೆ ಪುಟ್ಟ ಹೊಟ್ಟೆ ತುಂಬಿಹೋಗುತ್ತೆ. ಆಮೇಲೆ ಅನ್ನ ಬೇಡ ಅನ್ನೋದು ಮಗುವಿನ ತಪ್ಪಲ್ಲ.

ಹಾಗಂತ ಸುಮ್ಮನಿರುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಅಂಶ ಕಡಿಮೆಯಾದ ಮಗುವಿಗೆ ಹಸಿವು ಇನ್ನೂ ಕುಗ್ಗುತ್ತದೆ, ಆಟ-ಪಾಠದಲ್ಲಿ ಉತ್ಸಾಹವಿರುವುದಿಲ್ಲ.

ಹೀಗೆ ಮಾಡಿ ನೋಡಿ

* ದಿನಕ್ಕೆ ಮೂರು ಊಟ, ಎರಡು ಸಲ ತಿಂಡಿ ಹೊತ್ತುಹೊತ್ತಿಗೆ ಕೊಡಿ. ನಡುವೆ ನೀರು ಸಾಕು. ಚಿಕ್ಕ ಮಕ್ಕಳಿಗೆ ಟೀ ಬೇಡವೇ ಬೇಡ. ಅದು ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ.
* ಏನು, ಯಾವಾಗ ಬಡಿಸಬೇಕು ಎಂಬುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ.
* ಹೊಸ ಆಹಾರವನ್ನು ಮಗು ಒಂದೇ ಸಲಕ್ಕೆ ಒಪ್ಪಲ್ಲ. ಹತ್ತು-ಹದಿನೈದು ಸಲವಾದರೂ ಒಂದೊಂದು ಚಮಚ ಬಡಿಸಿ, ಒತ್ತಾಯ ಮಾಡಬೇಡಿ.
* ನುಗ್ಗೆಸೊಪ್ಪನ್ನು ರಾಗಿರೊಟ್ಟಿಗೆ ಹಾಕಿ ತಟ್ಟಿ. ಬೇಯಿಸಿದ ಕಾಳಿಗೆ ನಿಂಬೆರಸ ಹಿಂಡಿ. ಕಬ್ಬಿಣದ ಅಂಶ ಚೆನ್ನಾಗಿ ಸೇರುತ್ತದೆ. ಇಡೀ ಕಡಲೆಬೀಜ ಗಂಟಲಿಗೆ ಸಿಕ್ಕಬಹುದು, ಪುಡಿ ಮಾಡಿ ಕೊಡಿ.
* "ಸೊಪ್ಪು ತಿಂದ್ರೆ ಚಾಕೊಲೇಟ್ ಕೊಡ್ತೀನಿ" ಅನ್ನಬೇಡಿ. ಸೊಪ್ಪು ಶಿಕ್ಷೆ, ಚಾಕೊಲೇಟ್ ಬಹುಮಾನ ಅಂತ ಮಗು ತಿಳಿದುಕೊಳ್ಳುತ್ತೆ.
* ಟಿ.ವಿ., ಮೊಬೈಲ್ ಬಂದ್ ಮಾಡಿ ಎಲ್ಲರೂ ಜೊತೆಗೆ ಕೂತು ಉಣ್ಣಿ. ಅಪ್ಪನೇ ಸೊಪ್ಪು ಪಕ್ಕಕ್ಕೆ ಸರಿಸಿದರೆ ಮಗುವೂ ಸರಿಸುತ್ತೆ.

ಯಾವಾಗ ತೋರಿಸಬೇಕು?

ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ. ತೂಕ ಏರದಿದ್ದರೆ, ಮಗು ಮಣ್ಣು ತಿನ್ನುತ್ತಿದ್ದರೆ, ಕಣ್ಣಿನ ರೆಪ್ಪೆಯ ಒಳಭಾಗ ಬಿಳಚಿಕೊಂಡಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ವರ್ಷ ತುಂಬಿದ ಮಕ್ಕಳಿಗೆ ಅಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ.

ಇವತ್ತೇ ಒಂದು ಚಮಚ ಸೊಪ್ಪಿನಿಂದ ಶುರು ಮಾಡಿ. ಮಗು ಉಗಿದರೆ ಬೈಯಬೇಡಿ, ನಾಲ್ಕು ದಿನ ಬಿಟ್ಟು ಮತ್ತೆ ಬಡಿಸಿ. ಏನಾಯ್ತು ಅಂತ ಮುಂದಿನ ಸಂಘದ ಸಭೆಯಲ್ಲಿ ಎಲ್ಲರಿಗೂ ಹೇಳಿ.