ಲ್ಯಾಪ್‌ಟಾಪ್ ಪದೇ ಪದೇ ಕ್ರ್ಯಾಶ್ ಆಗ್ತಿದೆಯಾ? ಫಾರ್ಮ್ಯಾಟ್‌ಗೆ ಮುಂಚೆ ಇದನ್ನ ನೋಡಿ

ಕೆಲಸದ ಮಧ್ಯೆ ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್ ತಾನಾಗೇ ರೀಸ್ಟಾರ್ಟ್ ಆಗ್ತಿದೆಯಾ? ದಯವಿಟ್ಟು ತಕ್ಷಣ ಫಾರ್ಮ್ಯಾಟ್ ಮಾಡಿಸಬೇಡಿ. ಮೊದಲು ಫೈಲ್‌ಗಳ ಬ್ಯಾಕಪ್ ತಗೊಳ್ಳಿ.

ಈಗ ಸರ್ಚ್‌ನಲ್ಲಿ 'ರಿಲಯಬಿಲಿಟಿ' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಬರುವ ಫಲಿತಾಂಶ ತೆರೆಯಿರಿ. ಯಾವ ದಿನ ಏನು ಕೆಟ್ಟಿತು ಅನ್ನೋದು ಕೆಂಪು ಗುರುತಲ್ಲಿ ಕಾಣುತ್ತೆ. ಮೊದಲ ಕ್ರ್ಯಾಶ್‌ಗೆ ಸ್ವಲ್ಪ ಮುಂಚೆ ಯಾವ ಡ್ರೈವರ್, ಯಾವ ಅಪ್‌ಡೇಟ್ ಬಂದಿತ್ತು? ಅನುಮಾನ ಅಲ್ಲಿಂದ ಶುರು ಮಾಡಿ.

ವಿಂಡೋಸ್‌ನ ದಾಖಲೆಗಳನ್ನ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ 'ಕರ್ನಲ್ ಪವರ್ 41' ಅನ್ನೋ ಎರರ್ ಸಿಗಬಹುದು. ಹೆಸರಲ್ಲಿ ಪವರ್ ಇದೆ ಅಂತ ಚಾರ್ಜರ್, ಬ್ಯಾಟರಿ ಬದಲಾಯಿಸೋಕೆ ಹೋಗಬೇಡಿ. ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ, ಅಷ್ಟೇ ಅದರ ಅರ್ಥ. ಕಾರಣದ ಸುಳಿವು ಇರೋದು ಡೀಟೇಲ್ಸ್ ಟ್ಯಾಬ್‌ನ 'ಬಗ್‌ಚೆಕ್ ಕೋಡ್' ಸಾಲಿನಲ್ಲಿ. ಉದಾಹರಣೆಗೆ ಅಲ್ಲಿ 159 ಇದ್ದರೆ, ಸ್ಲೀಪ್‌ಗೆ ಹೋಗುವಾಗ ಅಥವಾ ಎದ್ದೇಳುವಾಗ ಯಾವುದೋ ಡ್ರೈವರ್ ಸ್ಪಂದಿಸಿಲ್ಲ. ವೈಫೈ, ಗ್ರಾಫಿಕ್ಸ್ ಡ್ರೈವರ್‌ಗಳನ್ನ ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದಲೇ ಹೊಸದಾಗಿ ಹಾಕಿ. ಸೊನ್ನೆ ಇದ್ದರೆ? ಕೋಡ್ ಬರೆದಿಡೋಕೂ ವಿಂಡೋಸ್‌ಗೆ ಅವಕಾಶ ಸಿಕ್ಕಿಲ್ಲ. ಆಗ ವಿಪರೀತ ಬಿಸಿ, ಧೂಳು ಹಿಡಿದ ಫ್ಯಾನ್, ವಿದ್ಯುತ್ ಪೂರೈಕೆ ನೋಡಬೇಕು. ಹಾಸಿಗೆ ಮೇಲಿಟ್ಟು ಬಳಸ್ತಿದ್ದರೆ ಮೊದಲು ಮೇಜಿನ ಮೇಲಿಡಿ.

ರ್‍ಯಾಮ್ ಮೇಲೆ ಅನುಮಾನವೇ? 'ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್' ಓಡಿಸಿ. ಅದರಲ್ಲಿ ಎರರ್ ಬಂದರೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ವಾರಂಟಿ ಇದ್ದರೆ ನೀವೇ ಬಿಚ್ಚಬೇಡಿ.

ಡ್ರೈವರ್‌ಗಳ ಜೊತೆ ಬಯಾಸ್ ಕೂಡ ಅಪ್‌ಡೇಟ್ ಮಾಡೋದಾದರೆ ಚಾರ್ಜರ್ ಹಾಕಿರಲಿ, ಡಿಸ್ಕ್ ಲಾಕ್ ಮಾಡುವ ಬಿಟ್‌ಲಾಕರ್‌ನ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಆದಮೇಲೆ ಲ್ಯಾಪ್‌ಟಾಪ್ ಅದನ್ನ ಕೇಳಬಹುದು.