ಬೆನ್ನ ಮೇಲೆ ಕೆಸರಿನ ಪಟ್ಟೆ ಏಕೆ?

ಜೂನ್ ತಿಂಗಳ ಒಂದು ಶನಿವಾರ. ಬಿಳಿ ಸಮವಸ್ತ್ರ, ಬಿಳಿ ಕ್ಯಾನ್‌ವಾಸ್ ಷೂ ತೊಟ್ಟು ಸೈಕಲ್ ಹತ್ತಿದ ಹುಡುಗ ಶಾಲೆ ಮುಟ್ಟುವ ಹೊತ್ತಿಗೆ ಸೊಂಟದಿಂದ ಕುತ್ತಿಗೆಯವರೆಗೆ ಕೆಂಪು ಕೆಸರಿನ ಪಟ್ಟೆ. ಷೂಗಳ ಬಣ್ಣವನ್ನಂತೂ ಕೇಳುವುದೇ ಬೇಡ. ಅಲ್ಲಿ ಡ್ರಿಲ್ ಮೇಷ್ಟ್ರ ಬೈಗುಳ, ಇಲ್ಲಿ ಸಂಜೆ ಒಗೆಯುವ ಕಲ್ಲಿನ ಮುಂದೆ ತಾಯಿಯ ಗೊಣಗಾಟ. ಇಬ್ಬರೂ ಬೈಯುವುದು ಮಳೆಯನ್ನು. ಬೈಯಬೇಕಾದದ್ದು ಸೈಕಲ್ಲಿಗೆ ಇಲ್ಲದ ಮಡ್‌ಗಾರ್ಡನ್ನು.

ಹಳೆಯ ಕರಿ ಸೈಕಲ್ಲಿಗೆ ಉಕ್ಕಿನ ಉದ್ದನೆಯ ಮಡ್‌ಗಾರ್ಡ್ ಕಾರ್ಖಾನೆಯಿಂದಲೇ ಬರುತ್ತಿತ್ತು. ಈಗ ಮಕ್ಕಳು ಹಟ ಹಿಡಿದು ಕೊಳ್ಳುವ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಎಷ್ಟೋ ವೇಳೆ ಅದು ಇರುವುದಿಲ್ಲ. ಇದ್ದರೂ ಬಾತುಕೋಳಿಯ ಬಾಲದಂಥ ಒಂದು ಪ್ಲಾಸ್ಟಿಕ್ ತುಂಡು. ಉದ್ದನೆಯದು ಹಾಕಿಸಿದರೆ 'ಸ್ಟೈಲ್' ಕೆಡುತ್ತದೆಂಬ ಭಯ ಬೇರೆ. ಆ ತುಂಡು ಬೆನ್ನನ್ನು ಒಂದಿಷ್ಟು ಕಾಪಾಡೀತು, ಕಾಲನ್ನಲ್ಲ.

ಕಾಲನ್ನು ತೋಯಿಸುವುದು ಮುಂದಿನ ಚಕ್ರ. ಅದು ಎತ್ತಿ ಎಸೆಯುವ ನೀರು ನೇರವಾಗಿ ಪೆಡಲ್ ಮತ್ತು ಚೈನಿನ ಮೇಲೆ ಬೀಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಮುಂದಿನ ಮಡ್‌ಗಾರ್ಡಿನ ಕೆಳತುದಿ ಎಷ್ಟು ಕೆಳಗೆ ಇಳಿದಿದೆ ಎಂಬುದನ್ನು. ಸಾಲದಿದ್ದರೆ ರಬ್ಬರ್ ಫ್ಲ್ಯಾಪ್ ತೂಗುಬಿಡಬಹುದು. ಹಳೆಯ ಟ್ಯೂಬಿನ ತುಂಡೂ ನಡೆಯುತ್ತದೆ. ನೆಲದಿಂದ ನಾಲ್ಕೈದು ಇಂಚು ಮೇಲಿದ್ದರೆ ಸಾಕು. ಮೆಟ್ಟಿಲಿಗೆ ತಾಗಿದರೆ ಬಾಗುತ್ತದೆ, ಮುರಿಯುವುದಿಲ್ಲ. ಇಷ್ಟು ಮಾಡಿದರೆ ಷೂ ಜೊತೆಗೆ ಚೈನ್ ಕೂಡ ಬಾಳುತ್ತದೆ. ಮರಳು ಸೇರಿದ ನೀರಿನಷ್ಟು ಚೈನನ್ನು ಸವೆಸುವುದು ಬೇರೊಂದಿಲ್ಲ.

'26 ಇಂಚಿನದು ಕೊಡಿ' ಎಂದರೆ ಮಾತ್ರ ಸಾಲದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. 28 ಇಂಚಿನ ಕರಿ ಸೈಕಲ್ಲಿನ ಟೈರಿನಲ್ಲಿ 40-635 ಎಂದಿರುತ್ತದೆ: ಅಗಲ 40 ಮಿಲಿಮೀಟರ್, ಟೈರ್ ಕೂರುವ ರಿಮ್ಮಿನ ವ್ಯಾಸ 635. ಸಪೂರ ಟೈರಿನ 26 ಇಂಚಿನದಕ್ಕೆ ಈ ವ್ಯಾಸ 590, ದಪ್ಪ ಟೈರಿನ 26 ಇಂಚಿನದಕ್ಕೆ 559. ಹೆಸರು ಒಂದೇ, ಚಕ್ರ ಎರಡು! ಮಡ್‌ಗಾರ್ಡ್ ಟೈರಿಗಿಂತ ಎಂಟು ಹತ್ತು ಮಿಲಿಮೀಟರಾದರೂ ಅಗಲವಿರಬೇಕು. ಇಲ್ಲದಿದ್ದರೆ ನೀರು ಎರಡೂ ಬದಿಯಿಂದ ಚಿಮ್ಮುತ್ತದೆ.

ಟೈರಿಗೂ ಅದಕ್ಕೂ ನಡುವೆ ಕಿರುಬೆರಳು ತೂರುವಷ್ಟು ಸಂದು ಇರಲಿ. ಕರಾವಳಿಯಲ್ಲಿ, ಡಾಂಬರು ರಸ್ತೆಯಲ್ಲಿ ಇದು ಸಾಕು. ಗದಗ, ಧಾರವಾಡ ಕಡೆಯ ಎರೆಮಣ್ಣಿನ ಹಾದಿಯಲ್ಲಿ ಸಾಲದು. ಜಿಗುಟು ಮಣ್ಣು ಸಂದಿನಲ್ಲಿ ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ. ಕಡ್ಡಿಯಿಂದ ಕೆದಕುತ್ತ ನಿಂತವರಿಗೆ ಮೊದಲ ಪೀರಿಯಡ್ ತಪ್ಪಿದಂತೆಯೇ. ಅಲ್ಲಿ ಇನ್ನಷ್ಟು ಅಂತರ ಬಿಟ್ಟು ಕಟ್ಟಿಸುವುದು ಜಾಣತನ.

ಉಕ್ಕೋ ಪ್ಲಾಸ್ಟಿಕ್ಕೋ ಎಂಬ ಚರ್ಚೆಗೆ ಹೆಚ್ಚು ಅರ್ಥವಿಲ್ಲ. ಉಕ್ಕು ಒಳಮೈಯಿಂದ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ. ನಿಜವಾಗಿ ಗಮನ ಕೊಡಬೇಕಾದದ್ದು ಹಿಡಿದಿರುವ ಕಡ್ಡಿಗಳಿಗೆ ಮತ್ತು ಬೋಲ್ಟುಗಳಿಗೆ. ಮುಂದಿನ ಬೋಲ್ಟ್ ಸಡಿಲವಾಗಿ ಬಿದ್ದರೆ, ಅಥವಾ ಒಂದು ಕೋಲು ಸಿಕ್ಕಿಕೊಂಡರೆ, ಮಡ್‌ಗಾರ್ಡ್ ಮುದುಡಿ ಚಕ್ರವನ್ನು ಕಚ್ಚಿಬಿಡಬಹುದು. ಆಗ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಕೆಲವು ಒಳ್ಳೆಯ ಪ್ಲಾಸ್ಟಿಕ್ ಮಡ್‌ಗಾರ್ಡುಗಳಲ್ಲಿ ಇಂಥ ಹೊತ್ತಿನಲ್ಲಿ ತಾನಾಗಿ ಬಿಟ್ಟುಕೊಳ್ಳುವ ಕ್ಲಿಪ್ ಇರುತ್ತದೆ. ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಡಲು ಹಿಂಜರಿಯಬಾರದು. ಗಡಗಡ ಸದ್ದು ಬರುತ್ತಿರುವ ಮಡ್‌ಗಾರ್ಡನ್ನು ದಾರದಿಂದ ಕಟ್ಟಿ ಓಡಿಸುವ ಅಭ್ಯಾಸವಂತೂ ಬೇಡವೇ ಬೇಡ.

ಹೆಣ್ಣುಮಕ್ಕಳಿಗೆ ಇನ್ನೊಂದು ಅಪಾಯವಿದೆ. ಚೂಡಿದಾರದ ವೇಲ್ ಹಿಂಚಕ್ರದ ಕಡ್ಡಿಗಳಿಗೆ ಸುತ್ತಿಕೊಳ್ಳುತ್ತದೆ. ಮಡ್‌ಗಾರ್ಡಿನ ಜೊತೆಗೆ ಬದಿಗೆ ಜಾಲರಿ ಹಾಕಿಸಬೇಕು. ವೇಲನ್ನು ಗಂಟು ಹಾಕಿಯೇ ಸೈಕಲ್ ಹತ್ತಬೇಕು.

ದುಡ್ಡು ಕೊಡುವ ಮುನ್ನ ಹುಡುಗನನ್ನು ಸೀಟಿನ ಮೇಲೆ ಕೂರಿಸಿ ಹ್ಯಾಂಡಲನ್ನು ಎರಡೂ ಕಡೆಗೆ ತಿರುಗಿಸಿ ನೋಡಿ. ಚಿಕ್ಕ ಫ್ರೇಮಿನ ಸೈಕಲ್ಲುಗಳಲ್ಲಿ ಷೂವಿನ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗುವುದುಂಟು. ತಾಗದಿದ್ದರೆ ಅಂಗಡಿಯ ಮುಂದಿನ ಹೊಂಡದಲ್ಲೇ ಒಂದು ಸುತ್ತು ಹೊಡೆಸಿ, ಕಾಲುಚೀಲ ಮುಟ್ಟಿ ನೋಡಿದರಾಯಿತು.