ಅಪ್ಪನ ಯಂತ್ರಕ್ಕೆ ದಾಖಲೆ ಇರಲಿಲ್ಲ

ನಮ್ಮ ವೆಲ್ಡಿಂಗ್ ಶಾಪ್‌ನಲ್ಲಿ ದೇವರ ಫೋಟೊ ಪಕ್ಕ ಪುರಸಭೆಯ ಟ್ರೇಡ್ ಲೈಸೆನ್ಸ್‌ಗೆ ಫ್ರೇಮ್ ಹಾಕಿಸಿಟ್ಟಿದ್ದಾರೆ. ಅದರ ನವೀಕರಣವನ್ನು ಅಪ್ಪ ಒಮ್ಮೆಯೂ ತಪ್ಪಿಸಿಲ್ಲ. ಆದರೆ ಅವರೇ ತಲೆ ಓಡಿಸಿ ಮಾಡಿದ ಅಡಿಕೆ ಸುಲಿಯುವ ಯಂತ್ರಕ್ಕೆ ಒಂದು ತುಂಡು ಕಾಗದದ ದಾಖಲೆಯೂ ಇರಲಿಲ್ಲ.

ಊರ ಜಾತ್ರೆಯಲ್ಲಿ ಅದನ್ನು ಎಲ್ಲರಿಗೂ ಓಡಿಸಿ ತೋರಿಸಿದ್ದರು. ಎರಡೇ ವರ್ಷದಲ್ಲಿ ಪಕ್ಕದ ತಾಲ್ಲೂಕಿನ ಅಂಗಡಿಯಲ್ಲಿ ಅದೇ ಬ್ಲೇಡು, ಅದೇ ಸ್ಪ್ರಿಂಗು! ‘ನಂದೇ ಅಂದ್ರೆ ಯಾರು ನಂಬ್ತಾರೆ ಬಿಡು’ ಎಂದು ಅಪ್ಪ ಸುಮ್ಮನಾದರು.

ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಅಂದು ರಾತ್ರಿ ಪೇಟೆಂಟ್ ಕಚೇರಿಯ ದಾಖಲೆಗಳನ್ನು ಹುಡುಕಿದೆ. ಪ್ರಕಟವಾದ ಅರ್ಜಿಗಳನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು. ಹೆಸರು, ನಕ್ಷೆ, ವಿವರಣೆ ಎಲ್ಲವೂ ಅಲ್ಲಿರುತ್ತವೆ. ಸಾಮಾನ್ಯವಾಗಿ ಅರ್ಜಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಪೇಟೆಂಟ್ ಸಿಕ್ಕರೆ, ನವೀಕರಣ ಶುಲ್ಕ ಕಟ್ಟುತ್ತಿದ್ದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು.

ಆದರೆ ಅರ್ಜಿಗೆ ಮೊದಲೇ ಜನರೆದುರು ಬಯಲಾದದ್ದನ್ನು ಕಾನೂನು ಸಾಮಾನ್ಯವಾಗಿ ‘ಹೊಸದು’ ಎನ್ನುವುದಿಲ್ಲ. ಅಪ್ಪ ಎಡವಿದ್ದು ಅಲ್ಲೇ. ಯಂತ್ರ ಪೂರ್ತಿ ಸಿದ್ಧವಾಗದಿದ್ದರೂ ತಾತ್ಕಾಲಿಕ ವಿವರಣೆ ಕೊಟ್ಟು ಅರ್ಜಿ ಹಾಕಬಹುದು. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಟ್ಟರಾಯಿತು. ಪರೀಕ್ಷೆಯ ಶುಲ್ಕ ಬೇರೆ ಇದೆ, ನಿಜ. ಆದರೂ ಕಳೆದುಕೊಂಡದ್ದರ ಮುಂದೆ ಅದು ದೊಡ್ಡದಲ್ಲ.

ಈಗ ಅಪ್ಪ ಕಾಳುಮೆಣಸು ಬಿಡಿಸುವ ಯಂತ್ರ ಮಾಡುತ್ತಿದ್ದಾರೆ. ನಕ್ಷೆ ಬರೆಯುವುದು, ಹಳೆಯ ಅರ್ಜಿ ಹುಡುಕುವುದು ನನ್ನ ಕೆಲಸ. ಯಾರಾದರೂ ‘ಏನು ಹೊಸದು?’ ಎಂದರೆ ಅಪ್ಪ ಶಟರ್ ಅರ್ಧ ಎಳೆದು ನಗುತ್ತಾರೆ: ‘ಮಗ ಅರ್ಜಿ ಹಾಕಲಿ, ಆಮೇಲೆ ತೋರಿಸ್ತೀನಿ.’